ಒಂದೇ ಹೊಲದಲ್ಲಿ ಮೇಯುವ ದನ, ಎಮ್ಮೆ, ಕುದುರೆಗಳ ಕಾದಾಟ ಮತ್ತು ಗಾಯಗಳು



ಹಿಂಗಾರಿ ಜೋಳ, ಕಡಲೆ, ಕುಸುಬಿಯ ರಾಶಿ ಮುಗಿಯಿತೆಂದರೆ ಸವದತ್ತಿ, ರಾಮದುರ್ಗ, ಬೈಲಹೊಂಗಲ ಭಾಗದ ಹೊಲಗಳು ಮೇವಿಗೆ ತೆರೆದುಕೊಳ್ಳುತ್ತವೆ. ಕಿತ್ತೂರ ಕಡೆ ಭತ್ತ ಕೊಯ್ದ ಗದ್ದೆಗಳಲ್ಲಿಯೂ ಇದೇ ರೂಢಿ. ಮನೆಯಲ್ಲಿ ಗೂಟಕ್ಕೆ ನಿಂತ ಆಕಳು, ಎಮ್ಮೆ, ಮಣಕ, ಎತ್ತುಗಳನ್ನು ಹೊರಗೆ ಬಿಡುತ್ತೇವೆ. ನಾಲ್ಕು ಮನೆಯ ದನ ಒಂದು ಹೊಲದಲ್ಲಿ ಕೂಡುತ್ತವೆ. ಅದೇ ದಿನಗಳಲ್ಲಿ ಕುರಿಗಾರರು ಹಿಂಡಿನೊಂದಿಗೆ ಬಂದು, ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಅವರ ಜೊತೆಗೆ ಗಂಟು, ಬಲೆ, ಕುರಿಮರಿ ಹೊರುವ ಕುದುರೆಗಳೂ ಬರುತ್ತವೆ. ಹೀಗೆ ಒಂದನ್ನೊಂದು ಅರಿಯದ ಪ್ರಾಣಿಗಳು ಒಂದೆಡೆ ಸೇರುವ ಕಾಲದಲ್ಲಿಯೇ ಹಾಯ್ದ ಗಾಯ, ಒದ್ದ ಗಾಯಗಳ ಕರೆಗಳು ನಮಗೆ ಹೆಚ್ಚಾಗಿ ಬರುತ್ತವೆ. ಇಂತಹ ಕಾದಾಟಗಳನ್ನು ಹೇಗೆ ತಪ್ಪಿಸಬಹುದು, ಗಾಯವಾದಾಗ ವೈದ್ಯರು ಬರುವವರೆಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಈ ಲೇಖನದಲ್ಲಿ ತಿಳಿಸಲಾಗಿದೆ.

ದನಗಳು ಕಾದಾಡುವುದು ಏಕೆ?

ಯಾವ ಹಿಂಡಿನಲ್ಲಿಯಾದರೂ ಹಿರಿತನ ಕಿರಿತನ ಎಂಬುದು ಇದ್ದೇ ಇರುತ್ತದೆ. ಮೊದಲು ಯಾರು ನೀರು ಕುಡಿಯಬೇಕು, ಗ್ವಾದಲಿಯ ಯಾವ ಜಾಗ ಯಾರದು, ನೆರಳಿನಲ್ಲಿ ಯಾರು ಮಲಗಬೇಕು ಎಂಬುದನ್ನು ದನಗಳು ತಮ್ಮೊಳಗೇ ನಿರ್ಣಯಿಸಿಕೊಂಡಿರುತ್ತವೆ. ಒಮ್ಮೆ ನಿರ್ಣಯವಾಯಿತೆಂದರೆ ದಿನಾಲೂ ಹಾಯುವ ಪ್ರಮೇಯ ಬರುವುದಿಲ್ಲ. ಹಿರಿಯದು ತಲೆ ತಗ್ಗಿಸಿ ಒಂದಿಷ್ಟು ಕೊಂಬು ತೋರಿಸಿದರೆ ಸಾಕು, ಕಿರಿಯದು ಪಕ್ಕಕ್ಕೆ ಸರಿಯುತ್ತದೆ. ಹೊಸ ಪ್ರಾಣಿ ಬಂದಾಗ ಈ ಲೆಕ್ಕ ತಪ್ಪುತ್ತದೆ. ಮೊದಲಿನ ಒಂದೆರಡು ದಿನ ಜೋರಾಗಿ ನೂಕಾಟ ನಡೆದು, ಸಾಮಾನ್ಯವಾಗಿ ಒಂದು ವಾರದೊಳಗೆ ಹೊಸ ಲೆಕ್ಕ ಕೂಡುತ್ತದೆ. ಆ ವಾರದಲ್ಲಿ ಹಾಲು ಕಡಿಮೆಯಾಗುವುದೂ ಉಂಟು. ಅದನ್ನು ದೃಷ್ಟಿ ತಾಗಿತೆಂದು ತಿಳಿಯಬೇಕಾಗಿಲ್ಲ.

ಬೆದೆಗೆ ಬಂದ ಆಕಳು ಬೇರೆಯವುಗಳ ಮೇಲೆ ಏರುವುದು, ಎಳೆಗರು ಇದ್ದ ತಾಯಿ ಬೇರೆ ದನವನ್ನು ಹತ್ತಿರ ಬರಗೊಡದಿರುವುದು, ಹಿಂಡಿಯ ಬುಟ್ಟಿ ಒಂದೇ ಇದ್ದು ಬಾಯಿಗಳು ಐದು ಇರುವುದು, ಇವೂ ಕಾರಣಗಳೇ. ಪದೇ ಪದೇ ಬೆದೆಗೆ ಬರುತ್ತ, ಗೂಳಿಯಂತೆ ಕೂಗುತ್ತ, ಸಿಕ್ಕದ್ದನ್ನೆಲ್ಲ ಹಾಯುವ ಆಕಳಿದ್ದರೆ ಅದು ಸೊಕ್ಕಲ್ಲ. ಅಂಡಾಶಯದಲ್ಲಿ ನೀರುಗುಳ್ಳೆಯಾಗಿರುವ ಸಂಭವ ಹೆಚ್ಚು. ಅದನ್ನು ಬಡಿಯುವ ಬದಲು ಪರೀಕ್ಷೆ ಮಾಡಿಸಿರಿ.

ಕಟ್ಟಿದ ದನ, ಬಿಟ್ಟ ದನ

ಬಾಂಧವರು ಮುಖ್ಯವಾಗಿ ಲಕ್ಷ್ಯದಲ್ಲಿಡಬೇಕಾದ ಮಾತು ಇದು. ತಲೆಗೆ ತಲೆ ಹಚ್ಚಿ ನೂಕಾಡುವಾಗ ದೊಡ್ಡ ಗಾಯವಾಗುವುದು ಅಪರೂಪ. ಸೋತದ್ದು ತಿರುಗಿ ಓಡುತ್ತದೆ, ಗೆದ್ದದ್ದು ಹತ್ತು ಹೆಜ್ಜೆ ಅಟ್ಟಿ ಬಿಟ್ಟುಬಿಡುತ್ತದೆ. ಓಡಲು ದಾರಿ ಇಲ್ಲದಾಗಲೇ ಸೋತ ದನದ ಬದಿ ಹರಿಯುವುದು, ಕೆಚ್ಚಲು ಸೀಳುವುದು. ನಾನು ನೋಡಿದ ಕೆಟ್ಟ ಗಾಯಗಳಲ್ಲಿ ಬಹುಪಾಲು ಆದದ್ದು ಗೂಟಕ್ಕೆ ಕಟ್ಟಿದ ದನಕ್ಕೆ. ಹಗ್ಗ ಹರಿದುಕೊಂಡ ಇನ್ನೊಂದು ದನ ಬಂದು ಹಾಯ್ದಿರುತ್ತದೆ. ಕಟ್ಟಿದ್ದು ಎತ್ತ ತಿರುಗಿದರೂ ಕಣ್ಣಿ ಹಿಡಿದು ಎಳೆಯುತ್ತದೆ, ಕಡೆಗೆ ಹೊಟ್ಟೆಯ ಬದಿಯನ್ನೇ ಒಡ್ಡಿ ನಿಲ್ಲುತ್ತದೆ.

ಆದ್ದರಿಂದ ಒಂದೇ ಜಾಗದಲ್ಲಿ ಕೆಲವನ್ನು ಕಟ್ಟಿ ಕೆಲವನ್ನು ಬಿಡುವ ಪದ್ಧತಿಯನ್ನು ನಿಲ್ಲಿಸಬೇಕು. ಕಟ್ಟುವುದಾದರೆ ಎಲ್ಲವನ್ನೂ ಕಟ್ಟಿರಿ, ಬಿಡುವುದಾದರೆ ಎಲ್ಲವನ್ನೂ ಬಿಡಿರಿ. ಹಾಯುವ ಚಾಳಿ ಇದ್ದದ್ದನ್ನು ಸಾಲಿನ ತುದಿಗೆ ಕಟ್ಟಿ, ಅದರ ಹಗ್ಗ ಮತ್ತು ಗೂಟವನ್ನು ದಿನಾಲೂ ಸಂಜೆ ಕೈಯಿಂದ ಎಳೆದು ನೋಡಿರಿ. ಸವೆದ ಹಗ್ಗ ರಾತ್ರಿಯೇ ಹರಿಯುತ್ತದೆ, ಹಗಲಲ್ಲ. ಕೊಟ್ಟಿಗೆಯಲ್ಲಿ ಬಿಟ್ಟು ಸಾಕುವವರು ಒಂದೇ ಬಾಗಿಲಿನ ಇಕ್ಕಟ್ಟಾದ ಓಣಿಯಂಥ ಜಾಗ ಮಾಡಬಾರದು. ಆಕಳಿಗೆ ಸೂರಿನ ಕೆಳಗೆ 3.5 ಚದರ ಮೀಟರ್, ಹೊರಗೆ ಬಯಲಿನಲ್ಲಿ 7 ಚದರ ಮೀಟರ್. ಎಮ್ಮೆಗೆ 4 ಮತ್ತು 8 ಚದರ ಮೀಟರ್ ಜಾಗ ಬೇಕೆಂದು ಲೆಕ್ಕವಿದೆ. ಗ್ವಾದಲಿಯಲ್ಲಿ ಒಂದೊಂದಕ್ಕೆ 60ರಿಂದ 75 ಸೆಂಟಿಮೀಟರ್ ಜಾಗ ಸಿಗಬೇಕು. ಅಗಲ ಕೊಂಬಿನ ಎಮ್ಮೆಗೆ ಅದಕ್ಕಿಂತ ಹೆಚ್ಚೇ ಇರಲಿ. ಅಷ್ಟು ಜಾಗ ಇಲ್ಲದವರು ಕಣಿಕೆ, ಕಬ್ಬಿನ ವಾಡೆಯನ್ನು ಒಂದೇ ಕಡೆ ಸುರಿಯದೆ ನಾಲ್ಕು ಕಡೆ ಹಾಕಿರಿ. ನೆಲ ಜಾರುತ್ತಿದ್ದರೆ ಓಡುವ ದನ ಬಿದ್ದು ತೊಡೆಯ ಸಂದು ಹರಿದುಕೊಳ್ಳುತ್ತದೆ, ಮತ್ತೆ ಏಳುವುದಿಲ್ಲ. ನುಣುಪಾದ ಸಿಮೆಂಟ್ ನೆಲಕ್ಕೆ ಗೆರೆ ಕೊರೆಸಿರಿ.

ಸಂತೆಯಿಂದ ಹೊಸ ದನ ತಂದಾಗ

ತಂದ ದಿನವೇ ಹಿಂಡಿನಲ್ಲಿ ಬಿಡುವುದು ಎರಡು ರೀತಿಯಲ್ಲಿ ಅಪಾಯ. ಮೊದಲನೆಯದು ರೋಗ. 2022ರಲ್ಲಿ ಚರ್ಮಗಂಟು ರೋಗ ಊರಿಂದೂರಿಗೆ ಹೇಗೆ ಹಬ್ಬಿತೆಂಬುದನ್ನು ತಾವು ಕಂಡಿದ್ದೀರಿ. ಆದ್ದರಿಂದ ಎರಡರಿಂದ ಮೂರು ವಾರ ಬೇರೆ ಕಟ್ಟಬೇಕು. ಎರಡನೆಯದು ಕಾದಾಟ. ಬೇರೆ ಕಟ್ಟಿದ ಅವಧಿಯ ಕೊನೆಯಲ್ಲಿ ನಾಲ್ಕೈದು ದಿನ, ಹಳೆಯ ದನಗಳಿಗೆ ಕಾಣುವಂತೆ ಆದರೆ ಕೊಂಬು ತಾಗದಂತೆ ಅಂತರದಲ್ಲಿ ಕಟ್ಟಿರಿ. ಆಮೇಲೆ ಹೊಟ್ಟೆ ತುಂಬ ಮೇಯಿಸಿ, ಬೆಳಗಿನ ಹೊತ್ತು, ವಿಶಾಲವಾದ ಬಯಲಿನಲ್ಲಿ ಕೂಡಿಸಿರಿ. ಕತ್ತಲಲ್ಲಿ ಕೊಟ್ಟಿಗೆಯೊಳಗೆ ಕೂಡಿಸಬೇಡಿರಿ. ಸಾಧ್ಯವಿದ್ದರೆ ಒಂದನ್ನೇ ಬಿಡದೆ, ಹಳೆಯ ಹಿಂಡಿನ ಸೌಮ್ಯವಾದ ಒಂದನ್ನು ಮೊದಲೇ ಅದಕ್ಕೆ ಜೋಡಿ ಮಾಡಿ ಬಿಡುವುದು ಒಳ್ಳೆಯದು. ಗಬ್ಬದ ಕೊನೆಯ ಎರಡು ತಿಂಗಳಲ್ಲಿರುವ ಆಕಳು, ಎಮ್ಮೆಗಳನ್ನು ಈ ಕೂಡಿಸುವ ಕೆಲಸದಿಂದ ದೂರ ಇಡಿರಿ. ಬದಿಗೆ ಬಿದ್ದ ಒಂದು ಹೊಡೆತದಿಂದ ಕಂದು ಹಾಕಬಹುದು.

ಕೊಂಬಿನ ವಿಷಯ

ನಮ್ಮ ಭಾಗದ ಪಂಢರಪುರಿ ಎಮ್ಮೆಯ ಕೊಂಬು ಹೆಗಲು ದಾಟಿ ಬೆನ್ನಿನುದ್ದಕ್ಕೂ ಹೋಗುತ್ತದೆ. 2021ರಲ್ಲಿ ಪ್ರತ್ಯೇಕ ತಳಿಯೆಂದು ನೋಂದಣಿಯಾದ ಧಾರವಾಡಿ ಎಮ್ಮೆಯದು ಅರ್ಧಚಂದ್ರದಂತೆ ಬಾಗಿದ ಕೊಂಬು. ಇಂತಹ ಕೊಂಬುಗಳು ನೇರವಾಗಿ ತಿವಿಯುವುದಕ್ಕಿಂತ ತಲೆ ಬೀಸಿದಾಗ ಸೀಳುವುದೇ ಹೆಚ್ಚು. ಖಿಲಾರಿ ಎತ್ತು ಹಾಯ್ದರೆ ಕಥೆ ಬೇರೆ. ಅದರ ಚೂಪಾದ ತುದಿ ದಬ್ಬಣದಂತೆ ಒಳಹೊಕ್ಕು ಬರುತ್ತದೆ. ಕಾರಹುಣ್ಣಿಮೆಗೆ ಎತ್ತಿನ ಕೊಂಬು ಹೆರೆದು ಬಣ್ಣ ಹಚ್ಚುವುದು ನಮ್ಮ ಹಬ್ಬದ ಚೆಲುವು, ಬೇಡ ಎನ್ನಲು ನಾನು ಯಾರು? ಆದರೆ ಹೆರೆಯುವಾಗ ತುದಿಯನ್ನು ಮೊನಚು ಮಾಡದೆ ಮೊಂಡಾಗಿ ಬಿಡಲು ಹೇಳಿರಿ, ಇಲ್ಲವೆ ಹಿತ್ತಾಳೆಯ ಅಣಸು ಹಾಕಿಸಿರಿ. ಹೆರೆದ ವಾರದಲ್ಲಿಯೇ ಎತ್ತನ್ನು ಹೈನದ ದನದ ಜೊತೆ ಬಿಡಬೇಡಿರಿ.

ಮಿಶ್ರತಳಿಯ ಹೆಣ್ಣು ಕರುಗಳಿಗೆ ಹುಟ್ಟಿದ ಎರಡು ಮೂರು ವಾರದೊಳಗೆ, ಕೊಂಬಿನ ಮೊಗ್ಗು ಇನ್ನೂ ತಲೆಬುರುಡೆಗೆ ಕೂಡಿಕೊಳ್ಳದಿರುವಾಗಲೇ, ಪಶುವೈದ್ಯರಿಂದ ಮರಗಟ್ಟುವ ಸೂಜಿ ಹಾಕಿಸಿ ಮೊಗ್ಗು ಸುಡಿಸುವುದು ಎಲ್ಲಕ್ಕಿಂತ ಸುಲಭ ಉಪಾಯ. ದೊಡ್ಡದಾದ ಮೇಲೆ ಕೊಂಬು ಕೊಯ್ಯಿಸುವುದು ದನಕ್ಕೂ ಕಷ್ಟ, ನಿಮಗೂ ಖರ್ಚು. ಆದರೆ ಒಂದು ಮಾತು: ಹಿಂಡಿನಲ್ಲಿ ಕೆಲವಕ್ಕೆ ಕೊಂಬಿದ್ದು ಕೆಲವಕ್ಕೆ ಇಲ್ಲದಿದ್ದರೆ ಇಲ್ಲದವುಗಳಿಗೇ ಪೆಟ್ಟು. ಅವುಗಳನ್ನು ಬೇರೆ ಮೇಯಿಸಿರಿ.

ಕುರಿಗಾರರ ಕುದುರೆಗಳು

ಕುದುರೆಯ ಸ್ವಭಾವ ನಮ್ಮ ಸದಸ್ಯರಲ್ಲಿ ಅನೇಕರಿಗೆ ಪರಿಚಯವಿಲ್ಲ. ಆಕಳು ಒದೆಯುವುದು ಕಾಲನ್ನು ಮುಂದಕ್ಕೆ ತಂದು ಪಕ್ಕಕ್ಕೆ ಬೀಸಿ. ಆದ್ದರಿಂದಲೇ ಹಿಂಡುವವರ ಮೊಳಕಾಲಿಗೆ ಪೆಟ್ಟು ಬೀಳುತ್ತದೆ. ಕುದುರೆ ಹಾಗಲ್ಲ. ಹಿಂಭಾಗ ತಿರುಗಿಸಿ, ಎರಡೂ ಹಿಂಗಾಲುಗಳನ್ನು ಒಮ್ಮೆಲೇ ನೇರ ಹಿಂದಕ್ಕೆ ಝಾಡಿಸುತ್ತದೆ. ಅದಕ್ಕಿಂತ ಮೊದಲು ಅದು ಸೂಚನೆ ಕೊಡುತ್ತದೆ: ಎರಡೂ ಕಿವಿಗಳನ್ನು ಕತ್ತಿನ ಮೇಲೆ ಒರಗಿಸುತ್ತದೆ, ಬಾಲ ಬೀಸುತ್ತದೆ, ಹಿಂಗಾಲು ಹಗುರ ಮಾಡಿ ನಿಲ್ಲುತ್ತದೆ. ಇನ್ನೊಂದು ಕುದುರೆಗೆ ಈ ಭಾಷೆ ತಿಳಿಯುತ್ತದೆ, ಸರಿಯುತ್ತದೆ. ನಮ್ಮ ಆಕಳಿಗೆ ತಿಳಿಯುವುದಿಲ್ಲ. ಮೇವಿನ ವಾಸನೆ ಹಿಡಿದು ನೇರವಾಗಿ ಕುದುರೆಯ ಹಿಂದೆಯೇ ಹೋಗಿ ನಿಂತು, ಪಕ್ಕೆಲುಬಿಗೋ ದವಡೆಗೋ ಪೆಟ್ಟು ತಿನ್ನುತ್ತದೆ.

ಕುದುರೆ ಕುದುರೆಗಳ ನಡುವೆ ಜಗಳವಾಗುವುದು ಹೆಚ್ಚಾಗಿ ಎರಡು ಹಿಂಡಿನವರು ಒಂದೇ ಹೊಲದಲ್ಲಿ ಇಳಿದಾಗ, ಗಂಡು ಕುದುರೆ ಇದ್ದಾಗ, ಅಥವಾ ಮೇವಿನ ಗುಡ್ಡೆ ಕಡಿಮೆ ಬಿದ್ದಾಗ. ದೂರ ಹೋಗಬಾರದೆಂದು ಕುದುರೆಯ ಮುಂಗಾಲುಗಳಿಗೆ ಹಗ್ಗ ಕಟ್ಟಿ ಬಿಡುವ ರೂಢಿಯಿದೆ. ಹಗ್ಗ ಕಟ್ಟಿದ ಕುದುರೆಯ ಸ್ಥಿತಿಯೂ ಕಟ್ಟಿದ ದನದಂತೆಯೇ. ಕಾಲು ಬಿಚ್ಚಿದ ಕುದುರೆ ಎರಗಿದರೆ ಅದು ಕುಪ್ಪಳಿಸಬಲ್ಲದೇ ಹೊರತು ಓಡಲಾರದು. ಆದ್ದರಿಂದ ಹೊಲದಲ್ಲಿ ಕುರಿ ನಿಲ್ಲಿಸುವಾಗ ಕುರಿಗಾರರ ಸಂಗಡ ದರದ ಮಾತು ಮುಗಿದ ಮೇಲೆ ಇದನ್ನೂ ಮಾತಾಡಿಕೊಳ್ಳಿರಿ. “ಅಣ್ಣಾರ, ಕುದ್ರಿ ಆ ಬದುವಿನಾಚಿಗೆ ಇರ್ಲಿ, ನಮ್ಮ ಎಮ್ಮಿ ಈಚಿಗೆ ಇರ್ತಾವ” ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪ್ರಾಣಿಗಳ ಸ್ವಭಾವ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಕುದುರೆಗಳಿಗೆ ಮೇವು ಹಾಕುವಾಗ ಎಷ್ಟು ಕುದುರೆಗಳಿವೆಯೋ ಅದಕ್ಕಿಂತ ಒಂದು ಗುಡ್ಡೆ ಹೆಚ್ಚು ಹಾಕಿ, ಗುಡ್ಡೆಯಿಂದ ಗುಡ್ಡೆಗೆ ಐದಾರು ಮೀಟರ್ ಅಂತರ ಬಿಟ್ಟರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಕುದುರೆಗೆ ಒದೆ ಬಿದ್ದಾಗ ಎರಡು ಸಂಗತಿಗಳನ್ನು ನೋಡಬೇಕು. ಮಾಂಸ ಕಡಿಮೆ ಇರುವ ಕಾಲಿನ ಒಳಬದಿಗೆ ಪೆಟ್ಟು ಬಿದ್ದಿದ್ದರೆ, ಕುದುರೆ ನಡೆಯುತ್ತಿದ್ದರೂ ಎಲುಬು ಕೂದಲೆಳೆಯಷ್ಟು ಸೀಳಿರಬಹುದು. ಅಂಥದ್ದು ಮಲಗಿ ಏಳುವಾಗ ಪೂರ್ಣ ಮುರಿದುಬಿಡುತ್ತದೆ. ವೈದ್ಯರು ನೋಡುವವರೆಗೆ ಹೊರೆ ಹೊರಿಸದೆ, ಕಟ್ಟಿ ನಿಲ್ಲಿಸಿರಿ. ಎರಡನೆಯದು, ಕೀಲಿನ ಹತ್ತಿರ ಸಣ್ಣ ಗಾಯವಾಗಿ ಮೊಟ್ಟೆಯ ಬಿಳಿಭಾಗದಂತೆ ಅಂಟಾದ ನೀರು ಬರುತ್ತಿದ್ದರೆ ಕೀಲು ಬಾಯ್ದೆರೆದಿದೆ ಎಂದರ್ಥ. ಅದಕ್ಕೆ ಅಂದೇ ಚಿಕಿತ್ಸೆ ಆಗಬೇಕು, ನಾಳೆ ಎಂದರೆ ಕುದುರೆ ಕುಂಟಾಗಿಯೇ ಉಳಿಯುತ್ತದೆ. ಇನ್ನು ಧನುರ್ವಾಯು ಆಕಳಿಗಿಂತ ಕುದುರೆಗೆ ಬಹಳ ಬೇಗ ತಗಲುತ್ತದೆ. ಕುದುರೆಗೆ ಯಾವ ಗಾಯವಾದರೂ ಧನುರ್ವಾಯುವಿನ ಸೂಜಿ ಬೇಕೇ ಬೇಕು. ನಿಮ್ಮ ಹೊಲದಲ್ಲಿ ಇಳಿದ ಕುರಿಗಾರರಿಗೆ ಇಷ್ಟನ್ನು ತಿಳಿಸಿ, ಹತ್ತಿರದ ಪಶು ಆಸ್ಪತ್ರೆಯ ದಾರಿ ತೋರಿಸಿರಿ.

ಕಾದಾಟ ಬಿಡಿಸುವಾಗ

ಎರಡು ಎಮ್ಮೆಗಳು ತಲೆ ಹಚ್ಚಿ ನಿಂತಾಗ ನಡುವೆ ಹೋಗಬೇಡಿರಿ, ಮೂಗುದಾರಕ್ಕೆ ಕೈ ಹಾಕಬೇಡಿರಿ. ದೂರದಿಂದ ಮುಖಕ್ಕೆ ಕೊಡಗಟ್ಟಲೆ ನೀರು ಎರಚುವುದು, ಡಬ್ಬಿ ಬಡಿದು ಸಪ್ಪಳ ಮಾಡುವುದು, ಉದ್ದನೆಯ ಗಳಕ್ಕೆ ಗೋಣಿಚೀಲ ಕಟ್ಟಿ ಕಣ್ಣಿಗೆ ಅಡ್ಡ ಹಿಡಿಯುವುದು ಸಾಕಾಗುತ್ತದೆ. ಸೋಲುತ್ತಿರುವ ದನದ ಹಿಂದೆ ಗೇಟು, ಬೇಲಿ ಇದ್ದರೆ ಮೊದಲು ಅದನ್ನು ತೆರೆಯಿರಿ. ಗೆದ್ದದ್ದನ್ನು ಬಡಿಯುವುದರಿಂದ ಏನೂ ಸಾಧಿಸುವುದಿಲ್ಲ. ಮಕ್ಕಳನ್ನು ಕಟ್ಟೆಯ ಮೇಲೆ ಕಳಿಸಿರಿ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಇಷ್ಟು ವರ್ಷ ಸಾಧುವಾಗಿದ್ದ ಎಮ್ಮೆಯೋ ಆಕಳೋ ಕಾರಣವಿಲ್ಲದೆ ಏಕಾಏಕಿ ಎಲ್ಲವನ್ನೂ ಹಾಯತೊಡಗಿದರೆ, ಧ್ವನಿ ಒಡೆದು ಕೂಗುತ್ತಿದ್ದರೆ, ಜೊಲ್ಲು ಸುರಿಸುತ್ತ ನೀರು ನುಂಗಲಾರದೆ ಇದ್ದರೆ ಅದು ಹುಚ್ಚುನಾಯಿ ಕಡಿದ ರೋಗವಿರಬಹುದು. ನಾಯಿ ಕಡಿದದ್ದು ನಿಮ್ಮ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ, ಕಡಿದು ತಿಂಗಳುಗಳೇ ಕಳೆದಿರಬಹುದು. ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಲ್ಲಿ ಕೈ ಹಾಕಿ ನೋಡುವುದು ನಮ್ಮಲ್ಲಿ ಸಾಮಾನ್ಯ. ದಯವಿಟ್ಟು ಹಾಕಬೇಡಿರಿ. ಅದನ್ನು ಗಟ್ಟಿಯಾಗಿ ಬೇರೆ ಕಟ್ಟಿ ವೈದ್ಯರನ್ನು ಕರೆಸಿರಿ, ಅದರ ಹಾಲನ್ನು ಬಳಸಬೇಡಿರಿ, ಸಂಘಕ್ಕೂ ಹಾಕಬೇಡಿರಿ. ಈಗಾಗಲೇ ಜೊಲ್ಲು ಕೈಗೆ, ಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಿರಿ. ಈ ರೋಗ ಕಾಣಿಸಿಕೊಂಡ ಮೇಲೆ ದನಕ್ಕೂ ಮನುಷ್ಯರಿಗೂ ಔಷಧಿ ಇಲ್ಲ.

ತೂತು ಸಣ್ಣದು, ಒಳಗೆ ದೊಡ್ಡದು

ಹಾಯ್ದ ಗಾಯವನ್ನು ಹೊರಗಿನ ತೂತಿನಿಂದ ಅಳೆಯಬಾರದು. “ಡಾಕ್ಟರ್ ಸಾಹೇಬ್ರ, ಬಟ್ಟಿನಷ್ಟ ತೂತೈತ್ರಿ, ಅರಿಷಿಣ ಹಚ್ಚೇವ್ರಿ” ಎಂದು ಸಂಘದ ಕಾರ್ಯದರ್ಶಿಗಳ ಮೂಲಕ ಹೇಳಿ ಕಳಿಸುತ್ತಾರೆ. ಕೊಂಬು ಚರ್ಮವನ್ನು ಒಂದು ಕಡೆ ತೂತು ಮಾಡಿ, ಒಳಗೆ ಹೋಗಿ ತಲೆ ಬೀಸಿದಾಗ ಮಾಂಸವನ್ನು ಗೇಣುದ್ದ ಸೀಳಿರುತ್ತದೆ. ದನ ಒಂದು ಹೆಜ್ಜೆ ಇಟ್ಟರೆ ಚರ್ಮದ ತೂತು ಸರಿದು, ಒಳಗಿನ ಸೀಳು ಕಾಣದಂತೆ ಮುಚ್ಚಿಕೊಳ್ಳುತ್ತದೆ. ಮೂರನೆಯ ದಿನ ದನ ಮೇವು ಬಿಟ್ಟಾಗ ಒಳಗೆ ಕೀವು ತುಂಬಿರುತ್ತದೆ. ಆದ್ದರಿಂದ ಹೊಟ್ಟೆ, ಎದೆ, ಬಾಲದ ಕೆಳಗಿನ ಭಾಗಕ್ಕೆ ಹಾಯ್ದ ಯಾವ ತೂತನ್ನಾದರೂ, ಅದು ಎಷ್ಟೇ ಚಿಕ್ಕದಿರಲಿ, ಅಂದೇ ವೈದ್ಯರಿಗೆ ತೋರಿಸಬೇಕು. ಹೊರಗಿನ ಬಾಯಿಯನ್ನು ಮನೆಯಲ್ಲಿ ಹೊಲಿಯುವುದಾಗಲಿ, ಮೇಣ ಹಚ್ಚಿ ಮುಚ್ಚುವುದಾಗಲಿ ಕೂಡದು. ಕೀವು ಹೊರಬರಲು ದಾರಿ ಬೇಕು.

ಇನ್ನೊಂದು ಪ್ರಕಾರ ಇದಕ್ಕಿಂತ ಮೋಸದ್ದು. ಚರ್ಮ ಹರಿದೇ ಇರುವುದಿಲ್ಲ. ಮೊಂಡು ಕೊಂಬಿನ ಪೆಟ್ಟಿಗೋ ಕುದುರೆಯ ಒದೆಗೋ ಒಳಗಿನ ಮಾಂಸದ ಪದರು ಮಾತ್ರ ಹರಿದು, ಕರುಳು ಚರ್ಮದ ಕೆಳಗೆ ಇಳಿದು ಬರುತ್ತದೆ. ನೋಡಲು ಬಾವಿನಂತೆಯೇ ಊದಿಕೊಂಡು ಮೆತ್ತಗಿರುತ್ತದೆ. ಸವದತ್ತಿ ಕಡೆಯ ಒಂದು ಊರಿನಲ್ಲಿ ಹೀಗೆ ಊದಿದ ಎಮ್ಮೆಯನ್ನು ನಾನು ನೋಡಲು ಹೋದಾಗ, ಅಂಗಳದಲ್ಲಿ ಬ್ಲೇಡು, ಬಿಸಿನೀರು ಎಲ್ಲ ಸಿದ್ಧವಾಗಿತ್ತು. ಬಾವು ಒಡೆಯಲು ಬಲ್ಲವರೊಬ್ಬರು ಬರುವುದಷ್ಟೇ ಬಾಕಿ. ಅಂಗೈಯಿಂದ ಒತ್ತಿದರೆ ಊತ ಒಳಗೆ ಸರಿಯುತ್ತಿತ್ತು, ಸುತ್ತ ಸೀಳಿನ ಅಂಚು ಕೈಗೆ ಹತ್ತುತ್ತಿತ್ತು. ಬ್ಲೇಡು ಹಾಕಿದ್ದರೆ ಕೀವಿನ ಬದಲು ಕರುಳು ಕೈಗೆ ಬರುತ್ತಿತ್ತು. ಆ ಎಮ್ಮೆಗೆ ಶಸ್ತ್ರಚಿಕಿತ್ಸೆಯಾಗಿ ಮುಂದೆ ಎರಡು ಕರು ಹಾಕಿತು. ಬಾಂಧವರು ತಿಳಿಯಬೇಕಾದದ್ದೇನೆಂದರೆ, ಹಾಯ್ದ ನಂತರ ಹೊಟ್ಟೆಯ ಮೇಲೆ ಎದ್ದ ಊತವನ್ನು ವೈದ್ಯರು ಸೂಜಿ ಹಾಕಿ ಪರೀಕ್ಷಿಸುವವರೆಗೆ ಯಾರೂ ಚುಚ್ಚಬಾರದು, ಕೊಯ್ಯಬಾರದು, ಬರೆ ಹಾಕಬಾರದು.

ಊತವನ್ನು ಒತ್ತಿದಾಗ ಚರಚರ ಎಂದರೆ ಗಾಯದಿಂದ ಗಾಳಿ ಹೊಕ್ಕಿರಬಹುದು. ಆದರೆ ಎಳೆಯ ದನದ ತೊಡೆ, ಭುಜ ಊದಿ, ಜ್ವರ ಬಂದು, ಕುಂಟುತ್ತಿದ್ದು ಚರಚರ ಎಂದರೆ ಅದು ಚಪ್ಪೆ ಬೇನೆಯೂ ಆಗಿರಬಹುದು, ಒಂದೆರಡು ದಿನದಲ್ಲಿ ಪ್ರಾಣ ತೆಗೆಯುತ್ತದೆ. ಮುಂಗಾರಿಗೆ ಮೊದಲು ಅದರ ಲಸಿಕೆ ತಪ್ಪಿಸಬೇಡಿರಿ.

ವೈದ್ಯರು ಬರುವವರೆಗೆ

ಕರುಳು ಹೊರಬಂದಿದ್ದರೆ ಒಳಗೆ ತುರುಕಬೇಡಿರಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಸುಮಾರು ಒಂದೂವರೆ ಚಹಾ ಚಮಚ ಉಪ್ಪು ಹಾಕಿ, ಆ ನೀರಿನಿಂದ ಮಣ್ಣು ಕಸ ತೊಳೆಯಿರಿ. ಒಗೆದ ಧೋತರವನ್ನು ಅದೇ ನೀರಲ್ಲಿ ಅದ್ದಿ, ಕರುಳನ್ನು ಎತ್ತಿ ಹಿಡಿದು, ಜೋಳಿಗೆಯಂತೆ ಹೊಟ್ಟೆಯ ಸುತ್ತ ಬೆನ್ನ ಮೇಲೆ ಗಂಟು ಹಾಕಿರಿ. ಬಟ್ಟೆ ಒಣಗಗೊಡಬೇಡಿರಿ. ದನವನ್ನು ಮಲಗಿಸದೆ ನಿಲ್ಲಿಸಿಕೊಳ್ಳಿರಿ. ಮೇವು, ನೀರು, ಗೊಟ್ಟದಿಂದ ಕುಡಿಸುವ ಯಾವ ಔಷಧಿಯೂ ಬೇಡ.

ಎದೆಯ ತೂತಿನಿಂದ ಉಸಿರಾಡುವಾಗ ಸುಸ್ ಎಂದು ಗಾಳಿ ಎಳೆಯುತ್ತಿದ್ದರೆ ತಡಮಾಡದೆ ಸ್ವಚ್ಛ ಪ್ಲಾಸ್ಟಿಕ್ ಹಾಳೆಯನ್ನು ತೂತಿನ ಮೇಲಿಟ್ಟು, ಅದರ ಮೇಲೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿರಿ. ಹೊರಗಿನ ಬಾಯಿಯನ್ನು ಮುಚ್ಚಬಾರದೆಂದು ಮೇಲೆ ಹೇಳಿದ್ದಕ್ಕೆ ಇದೊಂದೇ ಅಪವಾದ.

ರಕ್ತ ಸುರಿಯುತ್ತಿದ್ದರೆ ಸ್ವಚ್ಛ ಬಟ್ಟೆಯನ್ನು ಮಡಿಸಿ ಗಾಯದ ಮೇಲೆ ಗಟ್ಟಿಯಾಗಿ ಒತ್ತಿ, ಹತ್ತು ನಿಮಿಷ ಎತ್ತದೆ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ಎತ್ತಿ ನೋಡಿದರೆ ಹೆಪ್ಪುಗಟ್ಟಿದ್ದೂ ಕಿತ್ತು ಬರುತ್ತದೆ. 400 ಕಿಲೋ ತೂಕದ ಆಕಳ ಮೈಯಲ್ಲಿ ರಕ್ತ ಇರುವುದು ಸುಮಾರು 24 ಲೀಟರ್. ಹೊಟ್ಟೆಯ ಕೆಳಗೆ ಕೆಚ್ಚಲಿನಿಂದ ಮುಂದಕ್ಕೆ ಹಗ್ಗದಂತೆ ಹೋಗುವ ಹಾಲಿನ ನರಕ್ಕೆ ಕೊಂಬು ತಾಗಿದರೆ ಬಕೆಟ್ಟುಗಟ್ಟಲೆ ಹೋಗಲು ಹೆಚ್ಚು ಹೊತ್ತು ಬೇಡ. ಅದನ್ನು ಬೆರಳುಗಳಿಂದ ಒತ್ತಿ ಹಿಡಿದು ನಿಲ್ಲುವವರು ಒಬ್ಬರು, ಫೋನ್ ಮಾಡುವವರು ಇನ್ನೊಬ್ಬರು ಆಗಬೇಕು.

ಕೊಂಬು ಮುರಿದಾಗ ಒಳಗಿನ ತಿರುಳಿನಿಂದ ರಕ್ತ ಬರುತ್ತದೆ, ಕೆಲವೊಮ್ಮೆ ಅದೇ ಬದಿಯ ಮೂಗಿನಿಂದಲೂ ಇಳಿಯುತ್ತದೆ. ಬುಡದ ಹತ್ತಿರ ಕೊಂಬು ಟೊಳ್ಳಾಗಿದ್ದು ತಲೆಯ ಪೊಳ್ಳಿಗೆ ಕೂಡಿಕೊಂಡಿರುವುದೇ ಇದಕ್ಕೆ ಕಾರಣ. ಆದ್ದರಿಂದ ಅದರಲ್ಲಿ ನೀರು, ಎಣ್ಣೆ ಸುರಿಯಬಾರದು. ಪೊವಿಡೋನ್ ಅಯೋಡಿನ್ ಹಚ್ಚಿದ ಅರಳೆಯಿಟ್ಟು ಬಟ್ಟೆ ಸುತ್ತಿರಿ.

ಕೆಚ್ಚಲು ಮತ್ತು ಮೊಲೆ

ಹಿಂದಿನ ಎರಡು ಮೊಲೆಗಳಿಂದಲೇ ಒಟ್ಟು ಹಾಲಿನ ಸುಮಾರು ನೂರಕ್ಕೆ 60 ಭಾಗ ಬರುತ್ತದೆ. ಹತ್ತು ಲೀಟರ್ ಹಿಂಡುವ ಆಕಳ ಒಂದು ಹಿಂದಿನ ಮೊಲೆ ಕೆಟ್ಟಿತೆಂದರೆ ದಿನಕ್ಕೆ ಮೂರು ಲೀಟರ್ ಹಾಲು ಹೋಯಿತೆಂದು ಲೆಕ್ಕ ಹಾಕಿರಿ. ಆ ಕರುವಿನ ಸೂಲಿಗಷ್ಟೇ ಅಲ್ಲ, ಬಹುಶಃ ಕಾಯಂ ಆಗಿ.

ಪೆಟ್ಟು ಬಿದ್ದು ಕೆಚ್ಚಲು ಊದಿದ್ದರೆ ಮೊದಲ ದಿನ ತಣ್ಣೀರಿನ ಬಟ್ಟೆ, ಮರುದಿನದಿಂದ ಉಗುರುಬೆಚ್ಚಗಿನ ನೀರಿನ ಶಾಖ. ಹಾಲಿನಲ್ಲಿ ರಕ್ತ ಬಂದರೆ ಹಗುರವಾಗಿ ಹಿಂಡಿ ಹೊರಗೆ ಚೆಲ್ಲಿರಿ, ತಿಕ್ಕಬೇಡಿರಿ. ಮೊಲೆ ತುಳಿತಕ್ಕೆ ಸಿಕ್ಕು ಸೀಳಿ ಆ ಸೀಳಿನಿಂದಲೇ ಹಾಲು ಜಿನುಗುತ್ತಿದ್ದರೆ ಅದು ತುರ್ತು ಕೆಲಸ. ಮೊದಲ ಕೆಲವೇ ಗಂಟೆಗಳಲ್ಲಿ ಹೊಲಿಸಿದರೆ ಕೂಡಿಕೊಳ್ಳುತ್ತದೆ. ಎರಡು ದಿನ ಕಾದರೆ ಅಂಚು ಒಣಗಿ, ಕಾಯಂ ತೂತು ಉಳಿಯುತ್ತದೆ. ಅಲ್ಲಿಯವರೆಗೆ ಆ ಮೊಲೆಯನ್ನು ಕೈಯಿಂದ ಹಿಂಡಬೇಡಿರಿ, ಸ್ವಚ್ಛ ಒದ್ದೆ ಬಟ್ಟೆ ಸುತ್ತಿಡಿರಿ. ಹಾಲಿನ ದಾರಿ ಮುಚ್ಚಬಾರದೆಂದು ಬೇವಿನ ಕಡ್ಡಿ, ಕಸಬರಿಗೆ ಕಡ್ಡಿ, ಸೈಕಲ್ ವಾಲ್ವಿನ ನಳಿಗೆ ತೂರಿಸುವವರಿದ್ದಾರೆ. ಇದರಿಂದ ಗಾಯಕ್ಕೆ ಕೆಚ್ಚಲು ಬಾವು ಸೇರುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ.

ಗಾಯದ ಆರೈಕೆ ಮತ್ತು ಔಷಧಿಗಳು

ಮೇಲ್ಮೈ ಗಾಯಗಳಿಗೆ ಸುತ್ತಲಿನ ಕೂದಲು ಕತ್ತರಿಸಿ, ಉಪ್ಪುನೀರಿನಿಂದ ಧಾರಾಳವಾಗಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿದರೆ ಸಾಕು. ಸುಟ್ಟ ಇಂಜಿನ್ ಎಣ್ಣೆ, ಖಾರದ ಪುಡಿ, ಸೀಮೆಎಣ್ಣೆ, ಬ್ಯಾಟರಿ ಸೆಲ್ಲಿನ ಮಸಿ, ಸೆಗಣಿ ಇವು ಗಾಯಕ್ಕೆ ಹಚ್ಚುವ ವಸ್ತುಗಳಲ್ಲ. ಅರಿಷಿಣ ಎಣ್ಣೆಯನ್ನು ಮೇಲಿನ ತರಚು ಗಾಯಕ್ಕೆ ಹಚ್ಚಲು ಅಡ್ಡಿಯಿಲ್ಲ, ಆಳವಾದ ತೂತಿನಲ್ಲಿ ತುಂಬಬಾರದು. ನೊಣ ಕೂಡದಂತೆ ಗಾಯದ ಸುತ್ತ ಬೇವಿನೆಣ್ಣೆ ಸವರಿರಿ. ಹುಳ ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆಯ ಅರಳೆಯನ್ನು ಸ್ವಲ್ಪ ಹೊತ್ತಿಟ್ಟು, ಮೇಲೆ ಬಂದ ಹುಳಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ಮೊಲೆಗೆ, ಕಣ್ಣಿನ ಹತ್ತಿರ ಟರ್ಪೆಂಟೈನ್ ಬೇಡ.

ನೋವು ಕಡಿಮೆ ಮಾಡಲು ಮನುಷ್ಯರ ಗುಳಿಗೆ ಕೊಡುವುದು, ಅಂಗಡಿಯಿಂದ ಸೂಜಿ ತಂದು ಹಾಕಿಸುವುದು ಕೆಲವೆಡೆ ನಡೆದಿದೆ. ಡೈಕ್ಲೋಫೆನಾಕ್ ಔಷಧಿಯನ್ನು ದನಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2006ರಲ್ಲಿಯೇ ನಿಷೇಧಿಸಿದೆ. ಅದನ್ನು ಕೊಟ್ಟ ದನ ಸತ್ತರೆ, ಅದರ ಮಾಂಸ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಇದೇ ಕಾರಣಕ್ಕೆ 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳನ್ನೂ, ಅದರ ನಂತರ ನಿಮೆಸುಲೈಡ್ ಅನ್ನೂ ಪ್ರಾಣಿಗಳಿಗೆ ಬಳಸದಂತೆ ನಿಷೇಧಿಸಲಾಗಿದೆ. ರಣಹದ್ದುಗಳಿಗೆ ಅಪಾಯವಿಲ್ಲದ ಮೆಲಾಕ್ಸಿಕಾಮ್‌ನಂತಹ ಔಷಧಿ ಇದೆ. ಅದನ್ನು ತೂಕ ನೋಡಿ ವೈದ್ಯರೇ ಕೊಡಬೇಕು.

ಆಂಟಿಬಯಾಟಿಕ್ ಸೂಜಿ ಹಾಕಿಸಿದ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬಾರದು. ಔಷಧಿಯ ಮೇಲೆ ದಿನಗಳು ಬೇರೆಯಾಗುತ್ತವೆ, ಆದ್ದರಿಂದ ಸೂಜಿ ಹಾಕಿದ ದಿನವೇ ಕೇಳಿ ಬರೆದಿಟ್ಟುಕೊಳ್ಳಿರಿ. ಒಂದು ಮೊಲೆಗೆ ಮಾತ್ರ ಔಷಧಿ ಹಾಕಿದ್ದರೂ ನಾಲ್ಕೂ ಮೊಲೆಯ ಹಾಲಿಗೆ ಈ ಮಾತು ಅನ್ವಯಿಸುತ್ತದೆ. ಒಬ್ಬರ ಹಾಲು ಸಂಘದ ಎಲ್ಲರ ಹಾಲಿನಲ್ಲಿ ಕೂಡುತ್ತದೆ. ಅಂಥ ಹಾಲು ಮೊಸರಿಗೆ ಹೆಪ್ಪು ಹಿಡಿಯುವುದಿಲ್ಲ, ಮಕ್ಕಳ ಹೊಟ್ಟೆಗೂ ಒಳ್ಳೆಯದಲ್ಲ.

ಹಾಯ್ದ ಪೆಟ್ಟಿನಿಂದ ಗಬ್ಬದ ದನ ಕಂದು ಹಾಕಿದರೆ ಅದನ್ನು ಬರಿಗೈಯಿಂದ ಮುಟ್ಟಬೇಡಿರಿ. ಪೆಟ್ಟೇ ಕಾರಣವೆಂದು ನಮಗೆ ಅನಿಸಿದರೂ ಬ್ರುಸೆಲ್ಲಾ ರೋಗ ಇದ್ದಿರಬಹುದು, ಅದು ಮನುಷ್ಯರಿಗೂ ಅಂಟುತ್ತದೆ. ಪರೀಕ್ಷೆ ಮಾಡಿಸಿದ ಮೇಲೆ ಸುಣ್ಣ ಹಾಕಿ ಆಳವಾಗಿ ಹುಗಿಯಿರಿ.

ಮನೆಯಲ್ಲಿ ಒಂದು ಡಬ್ಬಿಯಲ್ಲಿ ಅರಳೆ, ಒಗೆದು ಒಣಗಿಸಿದ ಹಳೆಯ ಧೋತರ, ಪೊವಿಡೋನ್ ಅಯೋಡಿನ್ ಬಾಟಲಿ, ಕತ್ತರಿ, ಟಾರ್ಚ್ ಮತ್ತು ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿರಿ. ರಾತ್ರಿ ಇವನ್ನು ಹುಡುಕುತ್ತ ಕೂಡುವ ವೇಳೆ ಇರುವುದಿಲ್ಲ. ಪಶು ಸಂಚಾರಿ ಚಿಕಿತ್ಸಾ ವಾಹನಕ್ಕೆ ಶುಲ್ಕವಿಲ್ಲದ ಕರೆ ಸಂಖ್ಯೆ 1962. ಕರೆ ಮಾಡಿದಾಗ ಊರು, ಹೊಲದ ಗುರುತು, ದನ ನಿಂತಿದೆಯೋ ಮಲಗಿದೆಯೋ, ಗಾಯ ಎಲ್ಲಿ, ಎಷ್ಟು ಹೊತ್ತಾಯಿತು, ಗಬ್ಬ ಎಷ್ಟು ತಿಂಗಳು ಎಂಬುದನ್ನು ಹೇಳಿರಿ. ವಿಮೆ ಮಾಡಿಸಿದ ದನವಾಗಿದ್ದರೆ ಕಿವಿಯ 12 ಅಂಕಿಯ ಓಲೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ. ಕಾದಾಟದಲ್ಲಿ ಓಲೆ ಹರಿದು ಬಿದ್ದಿದ್ದರೆ ಅದನ್ನು ಹುಡುಕಿ ತೆಗೆದಿಟ್ಟು, ಆಸ್ಪತ್ರೆಯಲ್ಲಿ ತಿಳಿಸಿ ಬೇರೆ ಓಲೆ ಹಾಕಿಸಿ, ಹೊಸ ಸಂಖ್ಯೆಯನ್ನು ವಿಮಾ ಕಚೇರಿಗೆ ಬರವಣಿಗೆಯಲ್ಲಿ ಕೊಡಿರಿ.